ಮಡಿಬಟ್ಟೆ ಒಲ್ಲದ ಮಡಿವಂತರು



ಈ ದತ್ತಿ ಉಪನ್ಯಾಸಕ್ಕೆ ವಿಷಯವೇನು ಎಂದು ಸಂಘದವರು ಫೋನ್ ಮಾಡಿ ಕೇಳಿದಾಗ 'ಇಂಗ್ಲೆಂಡಿನ ಪ್ಯೂರಿಟನ್ನರು' ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, 'ಆಗಲಿ ಸಾರ್, ಆದರೆ ಜನ ಬರಬೇಕಲ್ಲ' ಎಂದರು. ಬಂದಿದ್ದೀರಿ. ಆದ್ದರಿಂದ ಮೊದಲು ಒಂದು ಋಣವನ್ನು ಒಪ್ಪಿಕೊಂಡುಬಿಡುತ್ತೇನೆ. ಯಾರೋ ಪುಣ್ಯಾತ್ಮರು ಹಣ ಇಡುವುದು, ಅದರ ಆದಾಯದಲ್ಲಿ ಒಬ್ಬನನ್ನು ವೇದಿಕೆ ಹತ್ತಿಸುವುದು, ಊರಿನವರು ಕೂತು ಕೇಳುವುದು: ಈ ಏರ್ಪಾಡನ್ನು ಇಂಗ್ಲೆಂಡಿನ ಪೇಟೆ ಪೇಟೆಗೂ ಹಬ್ಬಿಸಿದವರಲ್ಲಿ ಪ್ಯೂರಿಟನ್ನರೇ ಮುಂದು. ಆ ಕಾಲದ 'ಲೆಕ್ಚರರ್' ಕಾಲೇಜಿನ ಮೇಷ್ಟರಲ್ಲ. ವರ್ತಕರೋ ಊರಿನ ಪುರಸಭೆಯೋ ಸಂಬಳ ಕೊಟ್ಟು ಇಟ್ಟುಕೊಂಡ ಪ್ರಸಂಗಿ. ಎಷ್ಟೋ ಊರುಗಳಲ್ಲಿ ಸಂತೆಯ ದಿನವೇ ಅವನ ಪ್ರಸಂಗ. ಹೀಗೆ ಪ್ರಸಂಗಿಗಳಿಗಾಗಿ ಹಣ ಕೂಡಿಸಿ ಚರ್ಚುಗಳ ಆದಾಯದ ಹಕ್ಕುಗಳನ್ನು ಕೊಳ್ಳುತ್ತಿದ್ದ ಲಂಡನ್ನಿನ ಒಂದು ಮಂಡಳಿಯನ್ನು 1633ರಲ್ಲಿ ನ್ಯಾಯಾಲಯದ ತೀರ್ಪಿನ ಮೂಲಕ ಮುಚ್ಚಿಸಿ, ಆಸ್ತಿಯನ್ನು ರಾಜನ ವಶಕ್ಕೆ ತೆಗೆದುಕೊಂಡರು. ದತ್ತಿ ಉಪನ್ಯಾಸ ಒಂದು ಕಾಲಕ್ಕೆ ಅಷ್ಟು ಅಪಾಯದ ಕೆಲಸವಾಗಿತ್ತು. ಈ ಸಂಜೆ ಅಂಥ ಭಯವಿಲ್ಲ.

ನಾನು ಪದವಿ ತರಗತಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಪ್ಯೂರಿಟನ್ ಎಂಬುದಕ್ಕೆ ಕನ್ನಡದಲ್ಲಿ 'ಮಡಿವಂತ' ಎಂದೇ ಹೇಳಿಬಿಡುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, 'ಹಾಗಾದರೆ ನಮ್ಮ ಅಜ್ಜಿ ಥರಾನಾ ಸಾರ್?' ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋದ ಮೇಲೆ ನಗು ನಿಂತಿತು. ಆ ಅಜ್ಜಿಯ ಮಡಿ ಬಟ್ಟೆಯಲ್ಲಿದೆ, ನೀರಿನಲ್ಲಿದೆ, ಮುಟ್ಟುವುದರಲ್ಲಿದೆ. ಪ್ಯೂರಿಟನ್ನರ ಜಗಳ ಶುರುವಾದದ್ದೇ ಬಟ್ಟೆಯಲ್ಲಿ ಪಾವಿತ್ರ್ಯವಿದೆ ಎಂದವರ ಮೇಲೆ. ಮಡಿಬಟ್ಟೆ ಉಡುವುದಿಲ್ಲ ಎಂದು ಕೆಲಸ ಕಳೆದುಕೊಂಡವರಿಗೆ ನಾನು ಮಡಿವಂತರೆಂದು ಹೆಸರಿಟ್ಟಿದ್ದೆ. ಇವತ್ತಿನ ಮಾತು ಆ ತಪ್ಪಿನ ತಿದ್ದುಪಡಿ ಎಂದುಕೊಳ್ಳಿ.

ಎಂಟನೆಯ ಹೆನ್ರಿ 1534ರಲ್ಲಿ ಪೋಪನನ್ನು ಬಿಟ್ಟು ತಾನೇ ಇಂಗ್ಲೆಂಡಿನ ಚರ್ಚಿಗೆ ಮುಖ್ಯಸ್ಥನಾದ ಕಥೆ ನಿಮಗೆ ಗೊತ್ತಿದೆ. ಅವನ ಮಗನ ಕಾಲದಲ್ಲಿ ದೇಶ ಪ್ರೊಟೆಸ್ಟೆಂಟ್ ಆಯಿತು, ಮಗಳು ಮೇರಿಯ ಕಾಲದಲ್ಲಿ ಮತ್ತೆ ಕ್ಯಾಥೊಲಿಕ್ ಆಯಿತು. ಮೇರಿಯ ಐದು ವರ್ಷಗಳಲ್ಲಿ ಮುನ್ನೂರರ ಹತ್ತಿರ ಪ್ರೊಟೆಸ್ಟೆಂಟರನ್ನು ಸುಟ್ಟರು. ತಪ್ಪಿಸಿಕೊಂಡವರು ಜಿನೀವಾ, ಜೂರಿಕ್, ಫ್ರಾಂಕ್‌ಫರ್ಟ್ ಸೇರಿದರು. ಜಿನೀವಾದಲ್ಲಿ ಕ್ಯಾಲ್ವಿನ್ ನಡೆಸುತ್ತಿದ್ದ ಚರ್ಚನ್ನು ಕಣ್ಣಾರೆ ಕಂಡರು. ಅಲ್ಲಿ ಬಿಷಪ್ ಇಲ್ಲ, ಮೂರ್ತಿ ಇಲ್ಲ, ಧೂಪವಿಲ್ಲ. ಇದ್ದದ್ದು ಪ್ರಸಂಗ ಮತ್ತು ಶಿಸ್ತು. ಅಲ್ಲಿಯೇ ಕೂತು ಇಂಗ್ಲಿಷಿಗೆ ಒಂದು ಬೈಬಲ್ ಮಾಡಿ 1560ರಲ್ಲಿ ಅಚ್ಚು ಹಾಕಿಸಿದರು. ಕೈಯಲ್ಲಿ ಹಿಡಿಯುವ ಗಾತ್ರ, ಓದಲು ಸಲೀಸಾದ ಅಕ್ಷರ, ವಚನ ವಚನಕ್ಕೂ ಸಂಖ್ಯೆ. ಅಂಚಿನ ತುಂಬ ಟಿಪ್ಪಣಿ. ಸೂಲಗಿತ್ತಿಯರು ಈಜಿಪ್ಟಿನ ರಾಜ ಫರೋಹನ ಅಪ್ಪಣೆ ಮೀರಿ ಗಂಡುಮಕ್ಕಳನ್ನು ಉಳಿಸಿದ ಕಡೆ, ಅಪ್ಪಣೆ ಮೀರಿದ್ದು ನ್ಯಾಯವೇ ಎಂದು ಅಂಚಿನಲ್ಲಿ ಬರೆದಿದ್ದಾರೆ. ರಾಜನ ಮಾತನ್ನು ಯಾವಾಗ ಕೇಳಬೇಕಿಲ್ಲ ಎಂಬುದನ್ನು ಅಡುಗೆಮನೆಯ ಮೇಜಿನ ಮೇಲೆ ಓದಬಹುದಾಯಿತು. ನಲವತ್ತು ವರ್ಷಗಳ ಮೇಲೆ ಜೇಮ್ಸ್ ರಾಜ ಬೆರಳಿಟ್ಟು ದೂರಿದ ಟಿಪ್ಪಣಿಗಳಲ್ಲಿ ಇದೂ ಒಂದು.

1558ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಇವರು ಒಬ್ಬೊಬ್ಬರಾಗಿ ಊರಿಗೆ ಮರಳಿದರು. ರಾಣಿ ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ಒಂದು ವ್ಯವಸ್ಥೆ ಮಾಡಿದಳು. ನಂಬಿಕೆ ಪ್ರೊಟೆಸ್ಟೆಂಟರದ್ದು; ಬಿಷಪ್‌ಗಳು, ಪಾದ್ರಿಯ ನಿಲುವಂಗಿ, ದೀಕ್ಷಾಸ್ನಾನದಲ್ಲಿ ಹಣೆಯ ಮೇಲೆ ಶಿಲುಬೆ, ಮದುವೆಯ ಉಂಗುರ ಎಲ್ಲ ಹಳೆಯದು. ಜಿನೀವಾ ಕಂಡುಬಂದವರಿಗೆ ಇದು ಅರ್ಧ ಬೆಂದ ಅನ್ನ. ಪೂರ್ತಿ ಬೇಯಿಸಿ ಎಂದರು. ರಾಣಿ ಒಲೆ ಆರಿಸಿದಳು.

1566ರ ಮಾರ್ಚ್ ಕೊನೆಯಲ್ಲಿ ಲಂಡನ್ನಿನ ಪಾದ್ರಿಗಳನ್ನೆಲ್ಲ ಥೇಮ್ಸ್ ದಡದ ಲ್ಯಾಂಬೆತ್ ಅರಮನೆಗೆ ಕರೆಸಿದರು. ಇದು ನನಗೆ ಬಹಳ ಇಷ್ಟವಾದ ದೃಶ್ಯ. ಆರ್ಚ್‌ಬಿಷಪ್ ಪಾರ್ಕರ್ ಕೂತಿದ್ದಾನೆ. ಎದುರಿಗೆ ರಾಬರ್ಟ್ ಕೋಲ್ ಎಂಬ ಪಾದ್ರಿಯನ್ನು ಬಟ್ಟೆ ಅಂಗಡಿಯ ಬೊಂಬೆಯ ಹಾಗೆ ನಿಲ್ಲಿಸಿದ್ದಾರೆ: ಚೌಕ ಟೋಪಿ, ಉದ್ದ ಗೌನು. ಚರ್ಚಿನೊಳಗೆ ಮೇಲೊಂದು ಬಿಳಿ ಸರ್ಪ್ಲಿಸ್. ಅವನೂ ಹಿಂದೆ ಒಲ್ಲೆ ಎಂದವನೇ, ಆಮೇಲೆ ಒಪ್ಪಿಕೊಂಡಿದ್ದ. ನಿಮ್ಮ ಉಡುಪು ಹೀಗಿರಬೇಕು. ಒಪ್ಪುವವರು ಒಪ್ಪುತ್ತೇನೆಂದು ಬರೆಯಿರಿ, ಒಲ್ಲದವರು ಒಲ್ಲೆನೆಂದು ಬರೆಯಿರಿ, ವಾದ ಬೇಡ ಎಂದರು. 61 ಜನ ಒಪ್ಪಿದರು. 37 ಜನ ಒಲ್ಲೆ ಎಂದು ಬರೆದು ಹೊರಟರು. ಊರಿನಲ್ಲೇ ಒಳ್ಳೆಯ ಪ್ರಸಂಗಿಗಳು ಆ ಮೂವತ್ತೇಳರಲ್ಲಿದ್ದರು. ಬಟ್ಟೆ ದೊಡ್ಡದಲ್ಲ ಎಂದು ಅವರೇ ಒಪ್ಪುತ್ತಿದ್ದರು. ದೊಡ್ಡದಲ್ಲದ ಮೇಲೆ ಕಡ್ಡಾಯ ಯಾಕೆ ಎಂಬುದು ಅವರ ಪ್ರಶ್ನೆ. ದೊಡ್ಡದಲ್ಲದ ಮೇಲೆ ಹಟ ಯಾಕೆ ಎಂಬುದು ರಾಣಿಯ ಪ್ರಶ್ನೆ. ಮುಂದಿನ ನೂರು ವರ್ಷ ಇಂಗ್ಲೆಂಡ್ ಈ ಎರಡು ಪ್ರಶ್ನೆಗಳ ನಡುವೆ ನಲುಗಿತು.

'ಪ್ಯೂರಿಟನ್' ಎಂಬ ಬೈಗುಳ ಹುಟ್ಟಿದ್ದೂ ಆ ದಶಕದಲ್ಲೇ. ಅವರು ತಮ್ಮನ್ನು ಹಾಗೆ ಕರೆದುಕೊಳ್ಳುತ್ತಿರಲಿಲ್ಲ, ದೇವಭಕ್ತರು ಎನ್ನುತ್ತಿದ್ದರು. ಶೇಕ್ಸ್‌ಪಿಯರನ ಮಲ್ವೋಲಿಯೊ, ಬೆನ್ ಜಾನ್ಸನ್ನನ ಸಂತೆ ನಾಟಕದ ಬ್ಯೂಸಿ ಇವರಿಂದಾಗಿ ನಮಗೂ ಆ ಬೈಗುಳವೇ ಇತಿಹಾಸವಾಗಿ ಬಂತು. ನಾಟಕದವರನ್ನು ಮುಚ್ಚಿಸಬೇಕೆಂದವರ ಚಿತ್ರವನ್ನು ನಾಟಕದವರೇ ಬರೆದರೆ ಹೇಗಿರಬೇಕೋ ಹಾಗಿದೆ ಅದು.

ಬಟ್ಟೆಯಿಂದ ಮಾತು ಬಿಷಪ್‌ಗೇ ಬರಲು ತಡವಾಗಲಿಲ್ಲ. 1570ರಲ್ಲಿ ಕೇಂಬ್ರಿಜ್‌ನ ಥಾಮಸ್ ಕಾರ್ಟ್‌ರೈಟ್, ಮೊದಲ ಕಾಲದ ಚರ್ಚಿನಲ್ಲಿ ಇಂಥ ಬಿಷಪ್ಪೇ ಇರಲಿಲ್ಲ ಎಂದು ಪಾಠ ಹೇಳಿ ಪ್ರಾಧ್ಯಾಪಕ ಪದವಿ ಕಳೆದುಕೊಂಡ. ಎರಡು ವರ್ಷಕ್ಕೆ ಜಾನ್ ಫೀಲ್ಡ್, ಥಾಮಸ್ ವಿಲ್ಕಾಕ್ಸ್ ಎಂಬಿಬ್ಬರು ಅದನ್ನೇ ಪಾರ್ಲಿಮೆಂಟಿಗೆ ಬರೆದು ಅಚ್ಚು ಹಾಕಿಸಿ ಜೈಲು ಸೇರಿದರು. 1604ರಲ್ಲಿ, ಎಲಿಜಬೆತ್ ನಂತರ ಪಟ್ಟಕ್ಕೆ ಬಂದ ಜೇಮ್ಸ್, ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ಸಭೆ ಕರೆದ. ಬಿಷಪ್ ಹೋದರೆ ರಾಜನೂ ಹೋದ ಹಾಗೆ ಎಂದು ಖಂಡಿತವಾಗಿ ಹೇಳಿದ. ಪ್ಯೂರಿಟನ್ನರ ಬೇಡಿಕೆಗಳಲ್ಲಿ ಮನಸ್ಸಿಟ್ಟು ಒಪ್ಪಿದ್ದು ಒಂದನ್ನು, ಹೊಸ ಬೈಬಲ್ ಅನುವಾದ. ಅಂಚಿನಲ್ಲಿ ಆ ಥರದ ಟಿಪ್ಪಣಿ ಇರಕೂಡದೆಂಬ ಕರಾರು. 1611ರ ಆ ಅನುವಾದವನ್ನು ರಾಜನ ಹೆಸರಿನಿಂದ ಕರೆಯುತ್ತಾರೆ. ಕೇಳಿದವನು ಪ್ಯೂರಿಟನ್ ವಿದ್ವಾಂಸ ಜಾನ್ ರೆನಾಲ್ಡ್ಸ್.

ಈಗ ಅವರು ನಂಬಿದ್ದೇನು ಎಂಬ ಮಾತಿಗೆ ಬರೋಣ. ಮನುಷ್ಯ ಹುಟ್ಟಾ ಪಾಪಿ, ತನ್ನ ಪುಣ್ಯದಿಂದ ತಾನು ಉಳಿಯಲಾರ. ಯಾರಿಗೆ ರಕ್ಷಣೆ, ಯಾರಿಗೆ ನರಕ ಎಂಬುದನ್ನು ಸೃಷ್ಟಿಗೂ ಮೊದಲೇ ದೇವರು ತೀರ್ಮಾನಿಸಿದ್ದಾನೆ. ಇಷ್ಟು ಕ್ಯಾಲ್ವಿನ್‌ನ ಮಾತು, ಎಲಿಜಬೆತ್ ಕಾಲದ ಎಷ್ಟೋ ಬಿಷಪ್‌ಗಳೂ ಒಪ್ಪಿದ್ದ ಮಾತು. ಪ್ಯೂರಿಟನ್ನರ ವಿಶೇಷ ಅದರ ಮುಂದಿನ ಹೆಜ್ಜೆಯಲ್ಲಿದೆ: ಹಾಗಾದರೆ ನಾನು ಯಾವ ಪಟ್ಟಿಯಲ್ಲಿದ್ದೇನೆ? ಕೇಂಬ್ರಿಜ್‌ನ ವಿಲಿಯಂ ಪರ್ಕಿನ್ಸ್ ಇದಕ್ಕೊಂದು ನಕ್ಷೆಯನ್ನೇ ಬರೆದ. ಒಂದು ಕಡೆ ರಕ್ಷಣೆಯ ಸಾಲು, ಇನ್ನೊಂದು ಕಡೆ ನಾಶದ ಸಾಲು. ಓದಲು ಬಾರದವರೂ ಬೆರಳಿಟ್ಟು ತಮ್ಮ ಜಾಗ ಹುಡುಕಿಕೊಳ್ಳಲಿ ಎಂದು. ಪರಮಪದ ಸೋಪಾನಪಟ ಆಡಿದ ನಮಗೆ ಇಂಥ ಚಿತ್ರ ಹೊಸದಲ್ಲ. ನಮ್ಮ ಆಟದಲ್ಲಿ ದಾಳವಾದರೂ ಕೈಯಲ್ಲಿರುತ್ತದೆ. ಅವರ ಆಟ ಮುಗಿದಾಗಿದೆ, ಫಲಿತಾಂಶ ಮಾತ್ರ ಗೊತ್ತಿಲ್ಲ.

ಆದ್ದರಿಂದ ಲಕ್ಷಣ ಹುಡುಕಬೇಕು. ಮನಸ್ಸನ್ನು ದಿನಾ ಜಾಲಿಸಬೇಕು. ಸಾಮ್ಯುಯೆಲ್ ವಾರ್ಡ್ ಎಂಬ ಕೇಂಬ್ರಿಜ್ ತರುಣ 1595ರಲ್ಲಿ ದಿನಚರಿ ಶುರುಮಾಡಿದ. ರಾತ್ರಿ ಊಟದ ಮೇಲೆ ಚೀಸು ಅತಿಯಾಗಿ ತಿಂದದ್ದು, ಪ್ಲಮ್ ಹಣ್ಣು ಕಂಡಾಗ ಬಾಯಿ ಕಟ್ಟಲಾಗದ್ದು, ಪ್ರಾರ್ಥನೆಯಲ್ಲಿ ತೂಕಡಿಸಿದ್ದು, ಎಲ್ಲವನ್ನೂ ಪಾಪದ ಖಾತೆಗೆ ಬರೆದಿದ್ದಾನೆ. ನಗು ಬರುತ್ತದೆ, ಬರಲಿ. ಈತನೇ ಮುಂದೆ 1611ರ ಬೈಬಲ್ಲಿನ ಅನುವಾದಕರಲ್ಲಿ ಒಬ್ಬನಾದ, ಸಿಡ್ನಿ ಸಸೆಕ್ಸ್ ಕಾಲೇಜಿನ ಮುಖ್ಯಸ್ಥನಾದ. 1616ರಲ್ಲಿ ಅವನ ಕಾಲೇಜಿಗೆ ಒಬ್ಬ ಹಳ್ಳಿಯ ಜಮೀನುದಾರನ ಮಗ ಸೇರಿದ, ಹೆಸರು ಆಲಿವರ್ ಕ್ರಾಮ್‌ವೆಲ್.

ಪಂಡಿತರ ಮಾತು ಬಿಡಿ. ಲಂಡನ್ನಿನ ಈಸ್ಟ್‌ಚೀಪ್ ಬೀದಿಯಲ್ಲಿ ನೆಹೆಮೀಯ ವಾಲಿಂಗ್ಟನ್ ಎಂಬ ಮರ ಕಡೆಯುವ ಕಸುಬಿನವನಿದ್ದ. ಹುಟ್ಟಿದ್ದು 1598ರಲ್ಲಿ. ಹಗಲು ಅಂಗಡಿಯಲ್ಲಿ ಕಡಸಲಿನ ಮುಂದೆ. ಬೆಳಕು ಹರಿಯುವ ಮುಂಚೆ ಎದ್ದು ಬರವಣಿಗೆ. ಹೀಗೆ ಬರೆದ ಪುಸ್ತಕಗಳು ಐವತ್ತು ಎಂದು ಅವನೇ ಎಣಿಸಿಟ್ಟಿದ್ದಾನೆ. ಉಳಿದಿರುವುದು ಏಳು. ಇಪ್ಪತ್ತರ ಆಸುಪಾಸಿನಲ್ಲಿ, ತಾನು ನರಕದ ಪಟ್ಟಿಯವನೇ ಎಂಬ ಹೆದರಿಕೆಯಿಂದ ಹಲವು ಸಲ ಪ್ರಾಣ ಕಳೆದುಕೊಳ್ಳಲು ಹೋದವನು. ಆಮೇಲೆ ತನಗೆ ತಾನೇ ನಿಯಮಗಳನ್ನು ಬರೆದುಕೊಂಡ. ಮುರಿದರೆ ಇಷ್ಟೆಂದು ದಂಡ. ಆ ಕಾಸು ಬಡವರ ಪೆಟ್ಟಿಗೆಗೆ.

1625ರಲ್ಲಿ ಲಂಡನ್ನಿಗೆ ಪ್ಲೇಗು ಬಂತು. ನೆಹೆಮೀಯನ ಪುಟ್ಟ ಮಗಳು ಎಲಿಜಬೆತ್, ನಾಳೆ ಹೊರಗೆ ಹೋಗಿ ಅಪ್ಪನಿಗೆ ಪ್ಲಮ್ ಹಣ್ಣಿನ ಕಡುಬು ತರುತ್ತೇನೆ ಎಂದಳಂತೆ. ಅವನ ಕಿವಿಗೆ ಬಿದ್ದ ಅವಳ ಕೊನೆಯ ಮಾತು ಅದೇ. ಮಗು ಹೋದ ಮೇಲೆ ಅವನು ಮಾಡಿಕೊಂಡ ನಿಯಮ, ಪಟ್ಟ ಹಟ ಎಲ್ಲ ಮರೆತು ಅತ್ತ. ಸಮಾಧಾನ ಹೇಳಿದವಳು ಹೆಂಡತಿ ಗ್ರೇಸ್. ಹೀಗೆ ಅತ್ತರೆ ದೇವರಿಗೆ ತಪ್ಪಿದ ಹಾಗೆ, ಮಗಳು ಗಂಡನ ಮನೆಗೆ ಹೊರಟ ದಿನ ಯಾರಾದರೂ ಹೀಗೆ ದುಃಖಪಡುತ್ತಾರೆಯೇ ಎಂಬರ್ಥದ ಮಾತು ಅವಳದು. ಆ ಗಂಡ ಎಂದರೆ ಕ್ರಿಸ್ತ. ಹೆತ್ತವಳು ಅವಳು. ಆ ಮಾತಾಡುವಾಗ ಅವಳ ಕಣ್ಣು ಹೇಗಿತ್ತೋ ಅವನು ಬರೆದಿಲ್ಲ. ಅವಳ ಮಾತನ್ನು ಮಾತ್ರ ಬರೆದಿಟ್ಟ, ತನ್ನ ಸೋಲನ್ನೂ ಬರೆದಿಟ್ಟ. ಪ್ಯೂರಿಟನ್ನರೆಂದರೆ ಕಲ್ಲು ಮನಸ್ಸಿನವರು ಎನ್ನುವವರಿಗೆ ನಾನು ಈ ಪುಟಗಳನ್ನು ತೋರಿಸುತ್ತೇನೆ.

ಅವರು ನಂಬಿದ ಔಷಧ ಪ್ರಸಂಗ. ಎಸೆಕ್ಸ್ ಜಿಲ್ಲೆಯ ಡೆಡಮ್ ಎಂಬ ನೇಕಾರರ ಊರಿನಲ್ಲಿ ಜಾನ್ ರಾಜರ್ಸ್ ಎಂಬ ಲೆಕ್ಚರರ್ ಇದ್ದ. ಅವನ ಮಾತು ಕೇಳಲು ಸುತ್ತಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಒಂದು ದಿನ, ನೀವು ಬೈಬಲನ್ನು ಧೂಳು ಹಿಡಿಸಿದ್ದೀರಿ, ದೇವರು ಅದನ್ನು ವಾಪಸು ತೆಗೆದುಕೊಳ್ಳುತ್ತಾನೆ ಎಂದು ಪೀಠದ ಮೇಲಿನ ಪುಸ್ತಕವನ್ನು ಎತ್ತಿಕೊಂಡು ಹೊರಟೇ ಬಿಟ್ಟ. ಆಮೇಲೆ ತಾನೇ ಜನರ ಪರವಾಗಿ ಮೊಣಕಾಲೂರಿ ಅಂಗಲಾಚಿದ. ಚರ್ಚು ತುಂಬ ಅಳು. ಕೇಂಬ್ರಿಜ್‌ನಿಂದ ಕುದುರೆಯ ಮೇಲೆ ಬಂದಿದ್ದ ಥಾಮಸ್ ಗುಡ್ವಿನ್ ಹೊರಗೆ ಬಂದು, ಕುದುರೆ ಹತ್ತುವ ಶಕ್ತಿಯಿಲ್ಲದೆ ಅದರ ಕೊರಳು ತಬ್ಬಿ ಕಾಲು ಗಂಟೆ ಅತ್ತನಂತೆ. ನಾಟಕ ಬೇಡವೆಂದವರ ರಂಗಭೂಮಿ ಯಾವುದು ಎಂದು ಇನ್ನು ಯಾರೂ ಕೇಳಬೇಕಿಲ್ಲ.

ಕಸುಬು ದೇವರು ಕೊಟ್ಟ ಕರೆ, ಸೋಮಾರಿತನ ಪಾಪ ಎಂದೂ ಪರ್ಕಿನ್ಸ್ ಬರೆದ. ಇಲ್ಲಿ ನಿಮ್ಮಲ್ಲಿ ಹಲವರ ನಾಲಿಗೆಯ ತುದಿಗೆ 'ಕಾಯಕ' ಬಂದಿರುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ. ಸೃಷ್ಟಿಗೆ ಮೊದಲೇ ಆಗಿಹೋದ ತೀರ್ಪಿನ ಹೆದರಿಕೆ ನಮ್ಮ ಶರಣರಲ್ಲಿಲ್ಲ. ಪ್ಯೂರಿಟನ್ನರ ಈ ಹೆದರಿಕೆ, ಈ ಕಸುಬಿನ ಶ್ರದ್ಧೆಯಿಂದಲೇ ಬಂಡವಾಳಶಾಹಿಯ ಮನೋಧರ್ಮ ಮೂಡಿತೆಂದು ಮ್ಯಾಕ್ಸ್ ವೇಬರ್ 1904-05ರಲ್ಲಿ ವಾದಿಸಿದ. ವಾದ ಚೆನ್ನಾಗಿದೆ. ಆದರೆ ನೆಹೆಮೀಯ ಜೀವನವಿಡೀ ಸಾಲದ ಚಿಂತೆಯಲ್ಲೇ ಇದ್ದ. ಅವನ ಶ್ರದ್ಧೆಯೆಲ್ಲ ಆ ಇನ್ನೊಂದು ಲೆಕ್ಕದ ಪುಸ್ತಕಕ್ಕೆ ಖರ್ಚಾಗಿತ್ತು.

ಜೇಮ್ಸ್ ನಂತರ ರಾಜನಾದ ಮೊದಲನೆಯ ಚಾರ್ಲ್ಸ್ 1633ರಲ್ಲಿ ವಿಲಿಯಂ ಲಾಡ್‌ನನ್ನು ಆರ್ಚ್‌ಬಿಷಪ್ ಮಾಡಿದ. ಪ್ರಭುಭೋಜನದ ಮೇಜನ್ನು ಪೂರ್ವದ ಗೋಡೆಗೆ ಸರಿಸಿ ಕಟಕಟೆ ಹಾಕಿಸಿದರು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆಟ, ಕುಣಿತಕ್ಕೆ ಅಡ್ಡಿಯಿಲ್ಲ ಎಂಬ ರಾಜಾಜ್ಞೆಯನ್ನು ಚರ್ಚಿನಲ್ಲೇ ಓದಬೇಕೆಂದು ಹೇಳಿದರು. 1637ರಲ್ಲಿ ಬಿಷಪ್‌ಗಳ ವಿರುದ್ಧ ಬರೆದ ಮೂವರ, ವಕೀಲ ಪ್ರಿನ್, ವೈದ್ಯ ಬಾಸ್ಟ್‌ವಿಕ್, ಪಾದ್ರಿ ಬರ್ಟನ್ ಇವರ, ವೆಸ್ಟ್‌ಮಿನ್‌ಸ್ಟರ್ ಅಂಗಳದಲ್ಲಿ ಜನರ ಮುಂದೆ ಕಿವಿ ಕತ್ತರಿಸಿದರು. ಪ್ರಿನ್‌ನ ಕಿವಿ ಮೂರು ವರ್ಷದ ಹಿಂದೆಯೇ ಕತ್ತರಿಸಿಯಾಗಿತ್ತು. ಉಳಿದ ಚೂರನ್ನೂ ಬಿಡಲಿಲ್ಲ. ಈ ಪುಸ್ತಕಗಳನ್ನು ಇಟ್ಟುಕೊಂಡಿದ್ದಕ್ಕೆ ನಮ್ಮ ನೆಹೆಮೀಯನನ್ನೂ ಸ್ಟಾರ್ ಚೇಂಬರ್ ಕೋರ್ಟು ಕರೆಸಿ ವಿಚಾರಿಸಿತು. ಅಲ್ಲಿಗೆ ಸರ್ಪ್ಲಿಸ್ ಬಗ್ಗೆ ತಕರಾರಿಲ್ಲದವರೂ ಬಿಷಪ್‌ಗಳಿಗೆ ತಿರುಗಿದರು. 1642ರಲ್ಲಿ ಪಾರ್ಲಿಮೆಂಟಿಗೂ ರಾಜನಿಗೂ ಯುದ್ಧ. ತೆರಿಗೆ, ಸ್ಕಾಟ್ಲೆಂಡ್, ಐರ್ಲೆಂಡ್, ರಾಜನ ಹಟ ಎಲ್ಲ ಸೇರಿತ್ತು, ಬರೀ ಧರ್ಮವಲ್ಲ. ಕ್ರಾಮ್‌ವೆಲ್ ಇದ್ದ ಪಾರ್ಲಿಮೆಂಟಿನ ಸೈನ್ಯ ಗೆದ್ದಿತು. 1649ರ ಜನವರಿ 30ರಂದು ರಾಜನ ತಲೆ ಉರುಳಿತು.

ಗೆದ್ದವರ ಕೈಗೆ ಕಾನೂನು ಬಂದ ಮೇಲೆ ಏನಾಯಿತು? ನಾಟಕಶಾಲೆಗಳನ್ನು 1642ರಲ್ಲೇ ಮುಚ್ಚಿದ್ದರು. 1647ರಲ್ಲಿ ಕ್ರಿಸ್‌ಮಸ್ ಹಬ್ಬವನ್ನೂ ರದ್ದು ಮಾಡಿದರು; ಆ ತಾರೀಖು ಬೈಬಲ್ಲಿನಲ್ಲೇ ಇಲ್ಲ ಎಂಬುದು ಅವರ ಕಾರಣ. ಅದು ನಿಜವೂ ಹೌದು. ಆ ಡಿಸೆಂಬರ್ 25ರಂದು ಕ್ಯಾಂಟರ್ಬರಿಯ ಮೇಯರ್ ಅಂಗಡಿ ತೆರೆಯಿರಿ ಎಂದ. ಬೆರಳೆಣಿಕೆಯವರು ತೆರೆದರು. ಜನ ಆ ಅಂಗಡಿಗಳಿಗೆ ನುಗ್ಗಿ ಸಾಮಾನು ಚೆಲ್ಲಾಡಿದರು, ಬೀದಿಯಲ್ಲಿ ಫುಟ್‌ಬಾಲ್ ತಂದು ಒದ್ದರು, ಬಾಗಿಲಿಗೆ ಹಬ್ಬದ ಹಸಿರು ಸೊಪ್ಪು ಕಟ್ಟಿದರು. ಮೇಯರನನ್ನೇ ಕೆಡವಿದರು. 1650ರಲ್ಲಿ ವ್ಯಭಿಚಾರಕ್ಕೆ ಮರಣದಂಡನೆಯ ಕಾಯಿದೆ ತಂದರು. ನೆರೆಮನೆಯವರನ್ನು ನೇಣಿಗೆ ಹಾಕಲು ಜ್ಯೂರಿಗಳಿಗೇ ಮನಸ್ಸು ಬರಲಿಲ್ಲ, ಕಾಯಿದೆ ಹೆಚ್ಚುಕಡಿಮೆ ಕಾಗದದಲ್ಲೇ ಉಳಿಯಿತು. ಐರ್ಲೆಂಡಿನ ಡ್ರೊಹೆಡಾದಲ್ಲಿ 1649ರಲ್ಲಿ ಕ್ರಾಮ್‌ವೆಲ್ ಸಾವಿರಾರು ಜನರನ್ನು ಕೊಲ್ಲಿಸಿ, ಅದನ್ನು ದೇವರ ತೀರ್ಪೆಂದು ಬರೆದ. ಇದಕ್ಕೆ ನಾನು ಯಾವ ಸಮಜಾಯಿಷಿಯನ್ನೂ ಕೊಡಲಾರೆ. ತನ್ನ ಮನಸ್ಸಿಗೆ ತಾನೇ ದಂಡ ಹಾಕಿಕೊಂಡ ನೆಹೆಮೀಯನನ್ನು ನಾನು ಗೌರವಿಸುತ್ತೇನೆ. ಪಕ್ಕದ ಮನೆಯವನಿಗೆ ದಂಡ ಹಾಕಲು ಹೊರಟ ಪ್ಯೂರಿಟನ್ ಲಾಡ್‌ನ ತಮ್ಮನೇ.

ಇನ್ನೊಂದು ಮುಖವೂ ಅದೇ ವರ್ಷಗಳದ್ದು. 1647ರ ಅಕ್ಟೋಬರಿನಲ್ಲಿ ಪಟ್ನಿಯ ಚರ್ಚಿನಲ್ಲಿ ಸೈನಿಕರೂ ಸೇನಾಧಿಕಾರಿಗಳೂ ಎದುರುಬದುರು ಕೂತು, ಬಡವನಿಗೂ ಮತದ ಹಕ್ಕು ಇರಬೇಕೋ ಬೇಡವೋ ಎಂದು ವಾದಿಸಿದರು. ಅಂಗಡಿಯವರು, ಚಪ್ಪಲಿ ಹೊಲಿಯುವವರು ಸಭೆ ಕಟ್ಟಿಕೊಂಡು ಸ್ವತಃ ಪ್ರಸಂಗ ಮಾಡಿದರು. ಪರವಾನಗಿ ಇಲ್ಲದೆ ಅಚ್ಚು ಹಾಕುವ ಹಕ್ಕಿಗಾಗಿ ಮಿಲ್ಟನ್ 1644ರಲ್ಲಿ ಅರಿಯೊಪಜಿಟಿಕಾ ಬರೆದ. ಅವನು ತಿರುಗಿಬಿದ್ದದ್ದು ತನ್ನದೇ ಪಕ್ಷದ ಪಾರ್ಲಿಮೆಂಟಿನ ಕಾನೂನಿಗೆ.

1660ರಲ್ಲಿ ರಾಜಮನೆತನ ಮರಳಿತು. ಸತ್ತು ಎರಡು ವರ್ಷಕ್ಕೂ ಮೇಲಾಗಿದ್ದ ಕ್ರಾಮ್‌ವೆಲ್‌ನ ಹೆಣ ಅಗೆಸಿ ನೇತುಹಾಕಿ, ತಲೆಯನ್ನು ವೆಸ್ಟ್‌ಮಿನ್‌ಸ್ಟರ್ ಹಾಲಿನ ಮೇಲೆ ಕಂಬಕ್ಕೆ ಚುಚ್ಚಿದರು. ಅದು ಕೈಯಿಂದ ಕೈಗೆ ಅಲೆದು, ಅವನು ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಮಣ್ಣಾದದ್ದು 1960ರಲ್ಲಿ. ಪಾದ್ರಿಗಳಿಗೆ 1662ರ ಕಾನೂನು ಬಂತು: ಪ್ರಾರ್ಥನಾ ಪುಸ್ತಕವನ್ನು ಪೂರ್ತಿ ಒಪ್ಪಬೇಕು, ಬಿಷಪ್‌ನ ಕೈಯಿಂದ ದೀಕ್ಷೆ ಪಡೆಯದವರು ಈಗ ಪಡೆಯಬೇಕು. ನಮ್ಮ ಹಳೆಯ ದೀಕ್ಷೆ ದೀಕ್ಷೆಯಲ್ಲವೇ ಎಂದವರು ಮನೆ ಬಿಟ್ಟರು. ಅದರ ಹಿಂದುಮುಂದಿನದೂ ಸೇರಿ ಸುಮಾರು 2000 ಪಾದ್ರಿಗಳು ಕೆಲಸ ಕಳೆದುಕೊಂಡರು. ಅಪ್ಪಣೆಯಿಲ್ಲದೆ ಪ್ರಸಂಗ ಮಾಡಿದ ಪಾತ್ರೆ ರಿಪೇರಿಯ ಜಾನ್ ಬನ್ಯನ್ ಹನ್ನೆರಡು ವರ್ಷ ಬೆಡ್‌ಫರ್ಡ್ ಜೈಲಿನಲ್ಲಿದ್ದ. 1678ರಲ್ಲಿ ಬಂದ ಅವನ ಯಾತ್ರಿಕನ ಕಥೆ 19ನೆಯ ಶತಮಾನದ ನಡುವಿಗೇ ಕನ್ನಡಕ್ಕೆ 'ಯಾತ್ರಿಕನ ಸಂಚಾರ'ವಾಗಿ ಬಂತು. 1689ರಲ್ಲಿ ಹೀಗೆ ಹೊರಬಿದ್ದವರ ಪಂಗಡಗಳಿಗೆ ಬೇರೆ ಪ್ರಾರ್ಥನೆ ನಡೆಸಲು ಅನುಮತಿ ಸಿಕ್ಕಿತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಬಾಗಿಲು ಮಾತ್ರ 19ನೆಯ ಶತಮಾನದವರೆಗೆ ಪೂರ್ತಿ ತೆರೆಯಲಿಲ್ಲ. ತಮ್ಮದೇ ವಿದ್ಯಾಲಯ ಕಟ್ಟಿಕೊಂಡು ವಿಜ್ಞಾನ, ಆಧುನಿಕ ಭಾಷೆ ಕಲಿಸಿದರು.

ಆ ಕುಡಿಯೊಂದು ನಮ್ಮ ಕಡೆಗೂ ಚಾಚಿತು. 1795ರಲ್ಲಿ ಹುಟ್ಟಿದ ಲಂಡನ್ ಮಿಷನ್ ಎಲ್ಲ ಪಂಗಡಗಳದ್ದೆಂದು ಶುರುವಾದರೂ ನಡೆಸಿದವರು ಹೆಚ್ಚಾಗಿ ಕಾಂಗ್ರಿಗೇಷನಲ್ ಪಂಥದವರು, ಅಂದರೆ ಕ್ರಾಮ್‌ವೆಲ್ ಕಾಲದ ಸ್ವತಂತ್ರ ಸಭೆಗಳ ವಾರಸುದಾರರು. ಅದರ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತ. ವಿಲಿಯಂ ರೀವ್ ನಿಘಂಟು ಮಾಡಿದ. ಬೆಂಗಳೂರಿನ ಬೆಂಜಮಿನ್ ರೈಸ್ ಇದೇ ಮಿಷನ್ನಿನವರು. ಅವರ ಮಗ ಬಿ.ಎಲ್. ರೈಸ್ ನಮ್ಮ ಶಾಸನಗಳ ರೈಸ್. ತಂದೆಯ ನೆನಪಿನ ಚರ್ಚು ಅವೆನ್ಯೂ ರಸ್ತೆಯಲ್ಲಿದೆ. ಹಳೆಯ ಪುಸ್ತಕ ಹುಡುಕಲು ಆ ಕಡೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ.

ಆ ಮಿಷನ್ನಿನ ಸಭೆಗಳವರೂ ಸ್ಕಾಟ್ಲೆಂಡ್ ಪರಂಪರೆಯ ಪ್ರೆಸ್ಬಿಟೇರಿಯನ್ನರೂ ಮೊದಲೇ ಒಂದಾಗಿದ್ದರು. 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಇವರು ಆಂಗ್ಲಿಕನ್ನರ ಜೊತೆ, ಮೆಥಡಿಸ್ಟರ ಜೊತೆ ಸೇರಿ ದಕ್ಷಿಣ ಭಾರತ ಸಭೆಯಾದರು. ಬಿಷಪ್‌ಗಳು ಇರುತ್ತಾರೆ ಎಂದು ಒಬ್ಬರು ಒಪ್ಪಿದರು. ಬಿಷಪ್‌ನ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳು ಮತ್ತೆ ದೀಕ್ಷೆ ಪಡೆಯಬೇಕಿಲ್ಲ ಎಂದು ಇನ್ನೊಬ್ಬರು ಒಪ್ಪಿದರು. 1662ರಲ್ಲಿ ಇಂಗ್ಲೆಂಡಿಗೆ ಸಾಧ್ಯವಾಗದೆ ಉಳಿದದ್ದು ಅಷ್ಟೇ.